ಮಹಡಿಯ ಮನೆ, ಮಣ್ಣಿನ ಹಕ್ಕು

ಮೈಸೂರಿನ ವಾಚಕರೊಬ್ಬರು ಈ ಅಂಕಣಕ್ಕೆ ಬರೆದ ಕಾಗದವೊಂದು ನಮ್ಮ ಮುಂದಿದೆ. ಅವರು ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಎರಡು ವರ್ಷಗಳಾದುವು. ಮಗನ ಸಂಸಾರ ಬೆಂಗಳೂರಿನಲ್ಲಿದೆ. ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣವಷ್ಟನ್ನೂ, ಅದು ಸಾಲದೆ ಪತ್ನಿಯ ಒಡವೆಗಳನ್ನು ಮಾರಿ ಬಂದುದನ್ನೂ ಕೂಡಿಸಿ, ಆ ನಗರದಲ್ಲಿ ಮೂರನೆಯ ಮಹಡಿಯ ಒಂದು ಫ್ಲ್ಯಾಟನ್ನು ಕೊಂಡುಕೊಳ್ಳಬೇಕೆಂದು ಅವರು ನಿಶ್ಚಯಿಸಿರುತ್ತಾರೆ. ಮಾರತಕ್ಕವರು, "ಖಾತೆ ನಮ್ಮ ಹೆಸರಿನಲ್ಲಿದೆ, ಕಂದಾಯದ ರಶೀತಿಗಳಿವೆ, ಹನ್ನೊಂದು ವರ್ಷಗಳಿಂದ ನಾವೇ ವಾಸವಾಗಿದ್ದೇವೆ, ಇನ್ನೇನು ಬೇಕು?" ಎನ್ನುತ್ತಾರಂತೆ. ಇದಲ್ಲದೆ ಬೇರೊಂದು ಮನೆಯನ್ನೂ ಅವರಿಗೆ ತೋರಿಸಿದ್ದಾರೆ. ಅದರ ಬೆಲೆ ಕೆಲವು ಲಕ್ಷ ಕಡಮೆ. ಅದರ ಪತ್ರದ ಮೇಲೆ 'ಲೀಸ್ ಕಂ ಸೇಲ್' ಎಂದು ಬರೆದಿದೆ. ಯಾವುದನ್ನು ಕೊಳ್ಳುವುದು ಕ್ಷೇಮವೆಂದು ಅವರ ಪ್ರಶ್ನೆ. ಇದೇ ಬಗೆಯ ಪ್ರಶ್ನೆಗಳು ಇನ್ನೂ ಹಲವರಿಂದ ಬಂದಿರುವುದರಿಂದ ಈ ತಿಂಗಳ ಪುಟಗಳನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಮೊದಲನೆಯ ಮಾರಾಟಗಾರರ ಮೂರು ಮಾತುಗಳೂ ಸತ್ಯವಾಗಿರಬಹುದು. ಆದಾಗ್ಯೂ ಆ ಮೂರೂ ಕೂಡಿದರೆ ಒಡೆತನವಾಗಲಾರದು.

ವ್ಯವಹಾರ ವಿಷಯದಲ್ಲಿ ನಮ್ಮ ಹಿಂದಿನವರು ಆಗಮ, ಭೋಗ ಎಂದು ಎರಡನ್ನು ಬೇರೆ ಬೇರೆಯಾಗಿ ಎಣಿಸುತ್ತಿದ್ದರು. ಸ್ವತ್ತು ಯಾವ ದಾರಿಯಿಂದ ಬಂದಿತೆಂಬುದು ಆಗಮ. ಅದನ್ನು ಅನುಭವಿಸುತ್ತಿರುವುದು ಭೋಗ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಭೂಮಿಯು ಒಬ್ಬನಿಂದ ಇನ್ನೊಬ್ಬನಿಗೆ ಸೇರಬೇಕಾದರೆ ಗ್ರಾಮದವರು, ಜ್ಞಾತಿಗಳು, ನೆರೆಯವರು, ದಾಯಾದರು ಈ ನಾಲ್ವರ ಅನುಮತಿಯೂ ಹಿರಣ್ಯ ಮತ್ತು ಉದಕಗಳ ದಾನವೂ ಬೇಕೆಂಬ ಹಳೆಯ ವಚನವೊಂದನ್ನು ಅವನು ಎತ್ತಿಕೊಂಡು, ಒಂದೊಂದಕ್ಕೂ ಕಾರಣವನ್ನು ಹೇಳುತ್ತಾನೆ. ಗ್ರಾಮದವರ ಅನುಮತಿ ವ್ಯವಹಾರವು ಬಯಲಿನಲ್ಲಿ ನಡೆಯಲೆಂದು. ನೆರೆಯವರದು ಎಲ್ಲೆಯ ವಿವಾದ ಹುಟ್ಟದಿರಲೆಂದು. ಬೇರೆಯಾದ ಜ್ಞಾತಿಗಳದು, ಇವರು ವಿಭಕ್ತರೋ ಅವಿಭಕ್ತರೋ ಎಂಬ ಸಂಶಯ ಮುಂದೆ ತಲೆಯೆತ್ತದಿರಲೆಂದು. ಒಂಬೈನೂರು ವರ್ಷಗಳು ಕಳೆದುವು. ಗ್ರಾಮದ ಸಭೆಯ ಸ್ಥಾನದಲ್ಲಿ ಸಬ್ ರಿಜಿಸ್ಟ್ರಾರರ ಪುಸ್ತಕ ಬಂದಿದೆ. ಆದರೆ ಕೊಳ್ಳತಕ್ಕವನು ಹೆದರಬೇಕಾದ ಸಂಗತಿಗಳು ಆಗ ಯಾವುವೋ ಈಗಲೂ ಅವೇ ಆಗಿವೆ.

ಈಗಿನ ಕಾಯಿದೆಯನ್ನು ನೋಡೋಣ. ೧೮೮೨ನೆಯ ಇಸವಿಯ ಸ್ವತ್ತು ವರ್ಗಾವಣೆಯ ಕಾಯಿದೆಯ ೫೪ನೆಯ ಪ್ರಕರಣದ ಮೇರೆಗೆ, ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯುಳ್ಳ ಸ್ಥಿರಸ್ವತ್ತಿನ ಕ್ರಯವು ನೋಂದಣಿಯಾದ ಪತ್ರದಿಂದಲೇ ಆಗತಕ್ಕದ್ದು. (ನೂರು ರೂಪಾಯಿಗೆ ಈಗ ಬಾಗಿಲಿನ ಚಿಲಕವೂ ಬಾರದು, ಕಾಯಿದೆಯ ಅಂಕಿ ಮಾತ್ರ ಹಾಗೆಯೇ ಉಳಿದಿದೆ.) ಮಾರಾಟದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಿತವನ್ನೂ ಉಂಟುಮಾಡುವುದಿಲ್ಲವೆಂದೂ ಅದೇ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಖಾತೆಯಾದರೋ, ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂದು ನಗರಪಾಲಿಕೆಯವರು ತಮ್ಮ ಅನುಕೂಲಕ್ಕಾಗಿ ಬರೆದಿಟ್ಟುಕೊಂಡ ಲೆಕ್ಕ. ೨೦೨೪ನೆಯ ಇಸವಿಯ ಅಕ್ಟೋಬರಿನಿಂದೀಚೆಗೆ ಬೆಂಗಳೂರಿನಲ್ಲಿ ಕ್ರಯಪತ್ರದ ನೋಂದಣಿಗೆ ಇ-ಖಾತೆ ಬೇಕೆಂಬ ವಿಧಿ ಬಂದಿರುವುದು ನಿಜ. ಅದರಿಂದ ಸುಳ್ಳು ಪತ್ರಗಳ ಹಾವಳಿ ಸ್ವಲ್ಪ ತಗ್ಗಬಹುದು. ಆದರೆ ನೋಂದಣಿಗೆ ಖಾತೆ ಬೇಕೆಂದ ಮಾತ್ರಕ್ಕೆ ಖಾತೆಯೇ ಹಕ್ಕಾಗುವುದಿಲ್ಲ. ಅದು ಹಕ್ಕನ್ನು ಹುಟ್ಟಿಸುವುದಿಲ್ಲವೆಂದು ನ್ಯಾಯಾಲಯಗಳು ಎಷ್ಟೋ ಸಾರಿ ಹೇಳಿವೆ. ಹನ್ನೊಂದು ವರ್ಷಗಳ ವಾಸವಂತೂ ಯಾವ ಅಧಿಕಾರದಿಂದ ಬಂದುದೆಂದು ತಿಳಿಯುವವರೆಗೆ ಏನನ್ನೂ ಸಾಧಿಸದು. ಬಾಡಿಗೆಗಾರನು ಐವತ್ತು ವರ್ಷ ವಾಸಮಾಡಿದರೂ ಬಾಡಿಗೆಗಾರನೇ.

ಆದಕಾರಣ ನಮ್ಮ ವಾಚಕರು ಮೊದಲು ಕೇಳಬೇಕಾದುದು ಮಾರಾಟಗಾರರು ಆ ಫ್ಲ್ಯಾಟನ್ನು ಕೊಂಡಾಗಿನ ನೋಂದಾಯಿತ ಕ್ರಯಪತ್ರದ ಮೂಲಪ್ರತಿಯನ್ನು. ನಕಲನ್ನಲ್ಲ, ಮೂಲವನ್ನು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆಯುವುದು ಪದ್ಧತಿ. ಹಾಗೆ ಇಡುವುದರಿಂದಲೇ ಅಡಮಾನವು ಸಿದ್ಧಿಸುತ್ತದೆ, ಅದಕ್ಕೆ ನೋಂದಾಯಿತ ಪತ್ರ ಬೇಕೆಂಬ ನಿಯಮವಿಲ್ಲ. ಅಂಥ ಸಾಲವು ಸಬ್ ರಿಜಿಸ್ಟ್ರಾರರ ಕಚೇರಿಯಿಂದ ಕೊಡುವ ಋಣಭಾರ ಪತ್ರದಲ್ಲಿ ಕಾಣಿಸದೆ ಹೋಗಬಹುದು. ಮೂಲಪತ್ರಗಳು 'ಊರಿನಲ್ಲಿವೆ', 'ಮಗನ ಹತ್ತಿರ ಅಮೇರಿಕದಲ್ಲಿವೆ' ಎಂಬ ಉತ್ತರ ಬಂದರೆ ಅವು ಬರುವವರೆಗೆ ಮುಂಗಡ ಕೊಡಬೇಡಿರಿ.

ಋಣಭಾರ ಪತ್ರದ ವಿಷಯದಲ್ಲಿ ಒಂದು ಭ್ರಾಂತಿ ಬಹಳ ಜನರಲ್ಲಿದೆ. ನಮ್ಮ ರಾಜ್ಯದಲ್ಲಿ ಅದು ಎರಡು ಬಗೆ: ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳಿದ್ದರೆ ೧೫ನೆಯ ನಮೂನೆ, ಏನೂ ಇಲ್ಲದಿದ್ದರೆ ೧೬ನೆಯ ನಮೂನೆ. ೧೬ನೆಯ ನಮೂನೆ ಕೈಗೆ ಬಂದೊಡನೆ ಸ್ವತ್ತು ಪರಿಶುದ್ಧವೆಂದು ಸಂತೋಷಪಡುವವರುಂಟು. ಈ ಪತ್ರವು ನೋಂದಣಿ ಪುಸ್ತಕದಲ್ಲಿ ಇರುವುದನ್ನು ಮಾತ್ರ ಹೇಳಬಲ್ಲುದು. ತಂದೆ ಬರೆದಿಟ್ಟು ಪೆಟ್ಟಿಗೆಯಲ್ಲಿ ಉಳಿದಿರುವ ಮರಣಶಾಸನ, ಅಣ್ಣತಮ್ಮಂದಿರು ಬಾಯಿಮಾತಿನಿಂದ ಮಾಡಿಕೊಂಡ ಪಾಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಇವಾವುವೂ ಅದರಲ್ಲಿ ಕಾಣಬೇಕೆಂದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವನು ಆ ದಾವೆಯ ತೀರ್ಪಿಗೆ ಬದ್ಧನಾಗುತ್ತಾನೆ. ತನಗೆ ತಿಳಿಯದೆಂದರೆ ಕೇಳುವವರಿಲ್ಲ. ಹಾಗಾದರೆ ಋಣಭಾರ ಪತ್ರ ನಿಷ್ಪ್ರಯೋಜಕವೇ? ಹಾಗೆಂದಲ್ಲ. ವಕೀಲರು ಸಾಮಾನ್ಯವಾಗಿ ಮೂವತ್ತು ವರ್ಷಗಳಷ್ಟು ಹಿಂದಿನಿಂದ ಅದನ್ನು ತರಿಸಿ, ಒಂದೊಂದು ನಮೂದಿಗೂ ಎದುರಾಗಿ ಒಂದೊಂದು ಮೂಲಪತ್ರವನ್ನಿಟ್ಟು ನೋಡುತ್ತಾರೆ. ಸರಪಳಿಯಲ್ಲಿ ಎಲ್ಲಿ ಕೊಂಡಿ ತಪ್ಪಿದೆಯೋ ಅಲ್ಲಿ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆಯನ್ನು ಹುಟ್ಟಿಸುವುದೇ ಅದರ ಉಪಯೋಗ.

ಇನ್ನು ಫ್ಲ್ಯಾಟಿನ ವಿಶೇಷವನ್ನು ಹೇಳಬೇಕು. ಒಂಟಿ ಮನೆಯನ್ನು ಕೊಳ್ಳುವವನು ಮಣ್ಣನ್ನು ಕೊಳ್ಳುತ್ತಾನೆ, ಗೋಡೆ ಅದರೊಡನೆ ಬರುತ್ತದೆ. ಮೂರನೆಯ ಮಹಡಿಯ ಮನೆಗೆ ಕಾಲಡಿಯಲ್ಲಿ ಮಣ್ಣಿಲ್ಲ, ಎರಡು ಸಂಸಾರಗಳಿವೆ. ಆದ್ದರಿಂದ ಕಟ್ಟಡ ನಿಂತ ಸಮಸ್ತ ನೆಲದಲ್ಲಿ ಇಂತಿಷ್ಟು ಅವಿಭಕ್ತ ಭಾಗವೆಂದು ಕ್ರಯಪತ್ರದಲ್ಲಿ ಬರೆದುಕೊಡುವುದು ಪದ್ಧತಿ. ಬೆಂಗಳೂರಿನ ಪತ್ರಗಳಲ್ಲಿ ಸಾಮಾನ್ಯವಾಗಿ ಮೂರು ಪರಿಶಿಷ್ಟಗಳಿರುತ್ತವೆ: ಮೊದಲನೆಯದು ಇಡೀ ನೆಲದ ಚಕ್ಕುಬಂದಿ, ಎರಡನೆಯದು ಕೊಳ್ಳುವವನಿಗೆ ಬರುವ ಅವಿಭಕ್ತ ಭಾಗ, ಮೂರನೆಯದು ಫ್ಲ್ಯಾಟಿನ ವಿವರ. ಕೊಳ್ಳುವವರು ಮೂರನೆಯದನ್ನು, ಅಂದರೆ ಕೋಣೆಗಳನ್ನೂ ಬಾಲ್ಕನಿಯನ್ನೂ, ಕನ್ನಡಕ ಹಾಕಿಕೊಂಡು ಓದುತ್ತಾರೆ. ಎರಡನೆಯದನ್ನು ಓದುವವರು ವಿರಳ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಅಭ್ಯಾಸದಿಂದ ಇಲ್ಲಿ ಒಂದು ಲೆಕ್ಕವನ್ನು ಕೊಡುತ್ತೇವೆ. ನೆಲ ೧೨,೦೦೦ ಚದರಡಿ, ಅದರ ಮೇಲೆ ಒಂದೇ ಅಳತೆಯ ೨೦ ಮನೆಗಳು. ನ್ಯಾಯವಾಗಿ ಪ್ರತಿಯೊಬ್ಬನಿಗೂ ೬೦೦ ಚದರಡಿ ಬರಬೇಕು. ಕಟ್ಟಿದವನು ಪತ್ರಗಳಲ್ಲಿ ೫೦೦ ಎಂದು ಬರೆದರೆ ಇಪ್ಪತ್ತು ಮನೆಗೆ ೧೦,೦೦೦ ಆಯಿತು. ಮಿಕ್ಕ ೨,೦೦೦ ಚದರಡಿ ಯಾರದು? ಅದು ತನ್ನದೆಂದು ಅವನು ಕೆಲವು ವರ್ಷಗಳ ಮೇಲೆ ಬಂದು ಇನ್ನೊಂದು ಮಹಡಿ ಎತ್ತಲು ಹೊರಟರೆ ತಡೆಯಲು ಕೋರ್ಟಿಗೆ ಹೋಗಬೇಕಾಗುವುದು. ಆದ್ದರಿಂದ ಕ್ರಯಪತ್ರದ ಭಾಗವನ್ನು ಇಡೀ ನೆಲದೊಡನೆ ತಾಳೆ ನೋಡಿರಿ. ಗೋಡೆಗೆ ಆಯುಷ್ಯವಿದೆ. ಐವತ್ತು ಅರವತ್ತು ವರ್ಷಗಳಲ್ಲಿ ಕಟ್ಟಡ ಜೀರ್ಣವಾಗಿ ಕೆಡವಬೇಕಾದ ದಿನ ಮೊಮ್ಮಕ್ಕಳಿಗೆ ಉಳಿಯುವುದು ಆ ಎರಡನೆಯ ಪರಿಶಿಷ್ಟವೊಂದೇ.

ಅವಿಭಕ್ತ ಭಾಗವು ಸರಿಯಾಗಿದ್ದರೂ, ಅದನ್ನು ಬರೆದುಕೊಟ್ಟವರಿಗೆ ನೆಲ ಸೇರಿತ್ತೆ ಎಂಬುದು ಮುಂದಿನ ಪ್ರಶ್ನೆ. ನಮ್ಮಲ್ಲಿ ಎಷ್ಟೋ ಕಟ್ಟಡಗಳು ಜಂಟಿ ಕರಾರಿನಿಂದ ಎದ್ದವು. ನೆಲ ಒಂದು ಕುಟುಂಬದ್ದು, ಕಟ್ಟುವ ಹಣ ಇನ್ನೊಬ್ಬನದು, ಮನೆಗಳನ್ನು ಇಬ್ಬರೂ ಹಂಚಿಕೊಂಡು ಮಾರುವುದು. ಆಗ ಕಟ್ಟಿದವನೊಬ್ಬನ ರುಜು ಸಾಲದು. ನೆಲದ ಒಡೆಯರ ರುಜುವಾಗಲಿ, ಅವರು ನೋಂದಾಯಿಸಿಕೊಟ್ಟ ಅಧಿಕಾರಪತ್ರದ ಬಲವಾಗಲಿ ಇರಬೇಕು. ಆ ಕುಟುಂಬದಲ್ಲಿ ಯಾರುಯಾರಿದ್ದರೆಂಬುದನ್ನು ವಂಶವೃಕ್ಷದಿಂದ ತಿಳಿಯಬೇಕು. ಹೆಣ್ಣುಮಕ್ಕಳನ್ನು ಮರೆಯುವುದು ಹಳೆಯ ರೂಢಿ. ಮಿತಾಕ್ಷರಾ ಪಂಥದ ಅವಿಭಕ್ತ ಕುಟುಂಬದಲ್ಲಿ ಮಗಳೂ ಹುಟ್ಟಿನಿಂದಲೇ ಸಮಾಂಶಿಯೆಂದು ಕರ್ನಾಟಕದ ತಿದ್ದುಪಡಿಯು ೧೯೯೪ನೆಯ ಇಸವಿಯಲ್ಲೂ, ಸಮಗ್ರ ದೇಶಕ್ಕೆ ಅನ್ವಯಿಸುವ ತಿದ್ದುಪಡಿಯು ೨೦೦೫ನೆಯ ಇಸವಿ ಸೆಪ್ಟೆಂಬರ್ ೯ರಿಂದಲೂ ವಿಧಿಸಿದುವು. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು ೨೦೨೦ನೆಯ ಇಸವಿ ಆಗಸ್ಟಿನಲ್ಲಿ ತೀರ್ಮಾನಿಸಿತು. ೨೦೦೪ನೆಯ ಇಸವಿ ಡಿಸೆಂಬರ್ ೨೦ಕ್ಕೆ ಮೊದಲೇ ಆಗಿಹೋದ ಪರಭಾರೆಗಳನ್ನೂ ಕ್ರಮವಾದ ಪಾಲುಪತ್ರಗಳನ್ನೂ ೨೦೦೫ರ ಕಾಯಿದೆಯು ಕದಲಿಸುವುದಿಲ್ಲ. ಈಚಿನವುಗಳಲ್ಲಿ ಅಕ್ಕತಂಗಿಯರ ರುಜುವಿಲ್ಲದಿದ್ದರೆ ವಕೀಲರನ್ನು ಕೇಳದೆ ಮುಂದುವರಿಯಕೂಡದು. ತಂಗಿಯು ಪಾಲು ಕೇಳಿದಳೆಂದು ಅವಳನ್ನು ದೂಷಿಸುವವರನ್ನು ನಾವು ಬಲ್ಲೆವು. ಅವಳದನ್ನು ಅವಳಿಗೆ ಕೇಳದೆ ಮಾರಿದವರನ್ನು ಅದೇ ಬಾಯಿ ಏಕೆ ದೂಷಿಸದೆಂಬುದು ನಮಗೆ ಇನ್ನೂ ತಿಳಿದಿಲ್ಲ. ಅಪ್ರಾಪ್ತವಯಸ್ಕನ ಪ್ರತ್ಯೇಕ ಸ್ವತ್ತನ್ನು ತಂದೆತಾಯಿಗಳು ನ್ಯಾಯಾಲಯದ ಅನುಮತಿಯಿಲ್ಲದೆ ಮಾರಿದ್ದರೆ, ಅವನು ಪ್ರಾಪ್ತವಯಸ್ಕನಾದ ಮೇಲೆ ಮೂರು ವರ್ಷಗಳೊಳಗೆ ಅದನ್ನು ರದ್ದುಪಡಿಸಿಕೊಳ್ಳಬಲ್ಲನೆಂಬುದನ್ನೂ ಇಲ್ಲಿಯೇ ನೆನೆಯಬಹುದು.

ನೆಲವು ಮೊದಲು ಹೊಲವಾಗಿದ್ದರೆ ೧೯೬೪ನೆಯ ಇಸವಿಯ ಭೂಕಂದಾಯದ ಕಾಯಿದೆಯಂತೆ ಅದನ್ನು ವ್ಯವಸಾಯೇತರ ಉಪಯೋಗಕ್ಕೆ ಪರಿವರ್ತಿಸಿದ ಆಜ್ಞೆ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ ೧೯೭೮ನೆಯ ಇಸವಿಯ ಕಾಯಿದೆಯ ಮೇರೆಗೆ ಸರ್ಕಾರದ ಅನುಮತಿಯಿಲ್ಲದ ಪರಭಾರೆ ಶೂನ್ಯ, ಭೂಮಿ ಹಿಂದಿರುಗತಕ್ಕದ್ದು. ಬಡವನಿಗೆ ಕೊಟ್ಟ ನೆಲವನ್ನು ಬಲ್ಲಿದನು ಕವಡೆಯ ಬೆಲೆಗೆ ಕಸಿಯದಿರಲೆಂದು ಮಾಡಿದ ಕಾಯಿದೆ ಅದು, ಮಾಡಿದ್ದು ಸರಿಯೇ. ಮೂಲ ಮಂಜೂರಾತಿಯ ಕಾಗದವನ್ನು ನೋಡದೆ ಕೊಂಡವನು ಅದರ ಫಲವನ್ನು ಉಣ್ಣಬೇಕಾಗುತ್ತದೆ.

ಅಧಿಕಾರಪತ್ರದ ಮಾತು ಬಂದುದರಿಂದ ಒಂದು ಸಂಗತಿ. ನಮಗೆ ಪರಿಚಿತರಾದ ಗೃಹಸ್ಥರೊಬ್ಬರು, ಹೆಸರು ಬೇಡ, ಪರದೇಶದಲ್ಲಿದ್ದ ಒಡೆಯರ ಪರವಾಗಿ ಅವರ ಬಂಧುವೊಬ್ಬನು ಬರೆದುಕೊಟ್ಟ ಕ್ರಯಪತ್ರದಿಂದ ಮನೆ ಕೊಂಡರು. ಪತ್ರ ನೋಂದಣಿಯಾಯಿತು, ಗೃಹಪ್ರವೇಶವಾಯಿತು, ಹೋಳಿಗೆಯ ಊಟವೂ ಆಯಿತು. ಆಮೇಲೆ ತಿಳಿದುದೇನೆಂದರೆ, ನೋಂದಣಿಗೆ ನಾಲ್ಕು ತಿಂಗಳು ಮೊದಲೇ ಒಡೆಯರು ಅಲ್ಲಿ ತೀರಿಕೊಂಡಿದ್ದರು! ಅಧಿಕಾರ ಕೊಟ್ಟವನು ಸತ್ತರೆ ಸಾಧಾರಣವಾಗಿ ಅಧಿಕಾರವೂ ಅವನೊಡನೆ ಹೋಗುತ್ತದೆ. ಆ ಗೃಹಸ್ಥರು ಈಗಲೂ ಮೃತರ ಮಕ್ಕಳೊಡನೆ ವ್ಯಾಜ್ಯದಲ್ಲಿದ್ದಾರೆ. ಕೊಂಡ ಮನೆಯಲ್ಲಿ ಒಂದು ಮೊಳೆ ಹೊಡೆಯುವುದಕ್ಕೂ ಅವರ ಮನೆಯಾಕೆಗೆ ಧೈರ್ಯವಿಲ್ಲ. ಆದುದರಿಂದ ಅಧಿಕಾರಪತ್ರದ ಮೂಲಕ ಕೊಳ್ಳುವಾಗ ಒಡೆಯರೊಡನೆ ನೋಂದಣಿಯ ದಿನವೇ ಮುಖ ಕಂಡು ಮಾತನಾಡಿರಿ. ಈಗ ಅದು ದೂರವಾಣಿಯಲ್ಲಿಯೇ ಸಾಧ್ಯ. ಪರದೇಶದಲ್ಲಿ ಬರೆದ ಅಧಿಕಾರಪತ್ರವು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಸಲ್ಲಿಸಿದ್ದಾರೆಯೇ ಎಂಬುದನ್ನೂ ನೋಡಿರಿ. ಇನ್ನು ಕ್ರಯಪತ್ರವನ್ನೇ ಮಾಡದೆ ಬರಿಯ ಅಧಿಕಾರಪತ್ರ, ಕರಾರು, ಮರಣಶಾಸನ ಈ ಮೂರನ್ನು ಕೊಟ್ಟು 'ಮಾರಿದೆವು' ಎನ್ನುವ ಪದ್ಧತಿಯಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ೨೦೧೧ನೆಯ ಇಸವಿ ಅಕ್ಟೋಬರಿನಲ್ಲಿಯೇ ಹೇಳಿಬಿಟ್ಟಿದೆ.

ಈಗ ಎರಡನೆಯ ಮನೆ. ಗುತ್ತಿಗೆಗೂ ಕ್ರಯಕ್ಕೂ ಇರುವ ಭೇದವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಕ್ರಯದಲ್ಲಿ ಸ್ವತ್ತು ಬರುತ್ತದೆ. ಗುತ್ತಿಗೆಯಲ್ಲಿ ಸ್ವತ್ತನ್ನು ಅನುಭವಿಸುವ ಕಾಲ ಬರುತ್ತದೆ. ೯೯ ವರ್ಷಗಳ ಗುತ್ತಿಗೆಯನ್ನು ಎಪ್ಪತ್ತು ವರ್ಷ ಕಳೆದ ಮೇಲೆ ಕೊಂಡವನು ಕೊಂಡದ್ದು ೨೯ ವರ್ಷಗಳನ್ನು. ಇಂಗ್ಲೆಂಡಿನಲ್ಲಿ ಫ್ಲ್ಯಾಟುಗಳ ಬಹುಭಾಗ ಈ ಬಗೆಯದೇ. ಲಂಡನ್ನಿನಲ್ಲಿ ಮನೆ ಕೊಳ್ಳುವ ಮಕ್ಕಳಿಗೆ ಇಲ್ಲಿಂದ ಹಣ ಕಳುಹಿಸುವ ತಂದೆತಾಯಿಗಳು 'ಇನ್ನೆಷ್ಟು ವರ್ಷ ಉಳಿದಿದೆ?' ಎಂಬುದನ್ನು ಬೆಲೆಗಿಂತ ಮೊದಲು ಕೇಳಬೇಕು. ವರ್ಷಗಳು ಕರಗಿದಂತೆ ಬೆಲೆಯೂ ಕರಗುತ್ತದೆ, ಸಾಲ ಕೊಡುವವರೂ ಹಿಂಜರಿಯುತ್ತಾರೆ. ಆ ದೇಶದಲ್ಲಿ ನೆಲದ ಒಡೆಯನಿಗೆ ವರ್ಷವರ್ಷವೂ ಕೊಡುತ್ತಿದ್ದ ನೆಲಬಾಡಿಗೆಯನ್ನು ೨೦೨೨ನೆಯ ಇಸವಿ ಜೂನ್ ೩೦ರಿಂದೀಚಿನ ಹೊಸ ದೀರ್ಘ ಗುತ್ತಿಗೆಗಳಲ್ಲಿ, ಕೆಲವು ಅಪವಾದಗಳನ್ನು ಬಿಟ್ಟು, ವರ್ಷಕ್ಕೆ ಒಂದು ಮೆಣಸಿನ ಕಾಳಿಗೆ ಇಳಿಸಿದ್ದಾರೆ. ಕಾಯಿದೆಯಲ್ಲಿ ಕಾಳೆಂದೇ ಇದೆ. ಅದು ನಮ್ಮ ಮಲೆನಾಡಿನದೋ ಹೇಗೋ ತಿಳಿಸಿಲ್ಲ. ಹಳೆಯ ಗುತ್ತಿಗೆಗಳಿಗೆ ಆ ಕಾಯಿದೆಯ ಪ್ರಯೋಜನವಿಲ್ಲ.

ನಮ್ಮ ವಾಚಕರು ನೋಡಿದ 'ಲೀಸ್ ಕಂ ಸೇಲ್' ಬೇರೆ ತೆರನಾದದ್ದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ೧೯೮೪ನೆಯ ಇಸವಿಯ ನಿಯಮಗಳ ಮೇರೆಗೆ ನಿವೇಶನವನ್ನು ಹಂಚುವಾಗ ಮೊದಲು ಹತ್ತು ವರ್ಷಗಳ ಗುತ್ತಿಗೆ ಮತ್ತು ಕ್ರಯದ ಕರಾರನ್ನು ಮಾಡಿಕೊಡುತ್ತದೆ. ನಿಬಂಧನೆಗಳನ್ನು ಪಾಲಿಸಿ ಅವಧಿ ಮುಗಿಸಿದವನಿಗೆ ಶುದ್ಧಕ್ರಯಪತ್ರ ದೊರೆಯುತ್ತದೆ. ನಡುವೆ ಪರಭಾರೆ ಮಾಡುವುದು ನಿಷಿದ್ಧ. ಅವಧಿಯೊಳಗೆ ಹಂಚಿಕೆದಾರನಿಂದ ಕೊಂಡವನು, ತನ್ನದಾಗದ ವಸ್ತುವನ್ನು ಮಾರಿದವನಿಂದ ಕೊಂಡಂತಾಯಿತು. ಆದ್ದರಿಂದ ಪ್ರಶ್ನೆ ಒಂದೇ: ಪ್ರಾಧಿಕಾರದ ಶುದ್ಧಕ್ರಯಪತ್ರವು ಮಾರಾಟಗಾರನ ಹೆಸರಿಗೆ ನೋಂದಣಿಯಾಗಿದೆಯೋ ಇಲ್ಲವೋ? ಆಗಿದ್ದರೆ ಹಳೆಯ ಕರಾರು ಬರಿಯ ಚರಿತ್ರೆ. ಆಗಿಲ್ಲದಿದ್ದರೆ, ಆ ಕೆಲವು ಲಕ್ಷಗಳ ಉಳಿತಾಯವೇಕೆಂದು ನಮ್ಮ ವಾಚಕರಿಗೆ ಈಗ ತಿಳಿದಿರಬಹುದು, ಕೊಳ್ಳಬೇಡಿರಿ. ಆ ಮನೆಯಲ್ಲಿ ಬೇರೊಂದು ಸಂಸಾರವಿದೆಯೆಂದೂ ಅವರು ಬರೆದಿದ್ದಾರೆ. ಒಳಗಿರುವವರನ್ನು ಮಾತನಾಡಿಸದೆ ಬರಬಾರದು. ದೊಡ್ಡ ಮೊತ್ತವನ್ನು ಒಡೆಯನ ಕೈಗೆ ಕೊಟ್ಟು ಬಾಡಿಗೆಯಿಲ್ಲದೆ ಭೋಗ್ಯಕ್ಕಿರುವವರಾದರೆ ಆ ಹಣ ಹಿಂದಿರುಗುವವರೆಗೆ ಅವರು ಏಳಲಾರರು. ವಾಸವಿರುವವರ ಹಕ್ಕು ಕೊಳ್ಳುವವನಿಗೆ ತಿಳಿದಿತ್ತೆಂದೇ ಕಾಯಿದೆ ಭಾವಿಸುತ್ತದೆ.

ಮತ್ತೆ ಫ್ಲ್ಯಾಟಿಗೆ ಬಂದರೆ, ಕಟ್ಟಡಕ್ಕೆ ವಾಸಯೋಗ್ಯತೆಯ ಪ್ರಮಾಣಪತ್ರವಿದೆಯೇ ಎಂದು ಕೇಳಬೇಕು. ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರೆಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರವಿದು. ಮೂರು ಮಹಡಿಗೆ ಅನುಮತಿ ಪಡೆದು ನಾಲ್ಕು ಕಟ್ಟುವುದು ನಮ್ಮ ನಗರಗಳಲ್ಲಿ ಅಪರೂಪವಲ್ಲ. ಈ ಪ್ರಮಾಣಪತ್ರವನ್ನು ಕಂಡ ಮೇಲೆಯೇ ನೀರು, ವಿದ್ಯುತ್ತುಗಳ ಸಂಪರ್ಕ ಕೊಡತಕ್ಕದ್ದೆಂದು ಸುಪ್ರೀಂ ಕೋರ್ಟು ೨೦೨೪ನೆಯ ಇಸವಿ ಡಿಸೆಂಬರ್ ೧೭ರಂದು ಆಜ್ಞೆಮಾಡಿತು. ಹನ್ನೊಂದು ವರ್ಷಗಳ ಹಳೆಯ ಮನೆಯಲ್ಲಿ ದೀಪ ಉರಿಯುತ್ತಿದೆಯಲ್ಲಾ ಎಂದು ಸುಮ್ಮನಾಗುವುದು ಜಾಣತನವಲ್ಲ. ನಿವಾಸಿಗಳ ಸಂಘಕ್ಕೆ ಬಾಕಿಯಿಲ್ಲವೆಂಬ ಪತ್ರವನ್ನೂ ತೆಗೆದುಕೊಳ್ಳಿರಿ. ಬೆಲೆ ಐವತ್ತು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟದ್ದಾದರೆ ನೂರಕ್ಕೆ ಒಂದರಂತೆ ವರಮಾನ ತೆರಿಗೆಯನ್ನು ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ಪರದೇಶವಾಸಿಗಳಾದರೆ ನಿಯಮ ಬೇರೆ, ಹಿಡಿಯಬೇಕಾದ ಮೊತ್ತವೂ ಹೆಚ್ಚು.

ಕಟ್ಟುತ್ತಿರುವ ಹೊಸ ಮನೆಯನ್ನು ಕೊಳ್ಳುವವರಿಗೆ ೨೦೧೬ನೆಯ ಇಸವಿಯ ಸ್ಥಿರಾಸ್ತಿ ಕಾಯಿದೆ, ಜನರ ಬಾಯಲ್ಲಿ 'ರೇರಾ', ಹೆಚ್ಚಿನ ರಕ್ಷಣೆಯನ್ನು ಕೊಟ್ಟಿದೆ. ನೋಂದಾಯಿತ ಕರಾರಿಲ್ಲದೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಿನ ಹಣವನ್ನು ಕೇಳಕೂಡದು. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ನೆಲಕ್ಕೂ ಕಟ್ಟಡಕ್ಕೂ ಮಾತ್ರ ಖರ್ಚುಮಾಡಬೇಕು. ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವನೇ ತನ್ನ ವೆಚ್ಚದಿಂದ ಸರಿಪಡಿಸಬೇಕು. ಯೋಜನೆಯ ನೋಂದಣಿ ಸಂಖ್ಯೆಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ನಮ್ಮ ವಾಚಕರ ಫ್ಲ್ಯಾಟು ಇದಕ್ಕೆ ಹಿಂದಿನದಾದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇವೆ.

ಮುಂಗಡದ ಕರಾರನ್ನು ಬರೆಯುವಾಗ, ಪತ್ರಗಳಲ್ಲಿ ದೋಷ ಕಂಡುಬಂದರೆ ಇಂತಿಷ್ಟು ದಿನಗಳೊಳಗೆ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದೆಂಬ ಮಾತನ್ನು ಮರೆಯದೆ ಸೇರಿಸಿರಿ. ವಕೀಲರು ನಿಮ್ಮವರಾಗಿರಲಿ. ಮಾರುವವರೋ ದಲ್ಲಾಳಿಯೋ ಕರೆತಂದ ವಕೀಲರು ಎಷ್ಟೇ ಸಭ್ಯರಾದರೂ ಅವರಿಗೆ ಸಂಬಳ ಕೊಡುವವರು ನೀವಲ್ಲ.

ಕಾಗದದ ಕೊನೆಯಲ್ಲಿ ಒಂದು ಸಣ್ಣ ಪ್ರಶ್ನೆಯಿದೆ: ಕಟ್ಟಡದ ಕೆಳಗೆ ವಾಹನ ನಿಲ್ಲಿಸುವ ಜಾಗಕ್ಕೆ ಮಾರಾಟಗಾರರು ಬೇರೆಯಾಗಿ ಮೂರು ಲಕ್ಷ ರೂಪಾಯಿ ಕೇಳುತ್ತಾರಂತೆ, ಕೊಡಬಹುದೇ? ತೆರೆದ ಜಾಗವನ್ನೂ ಕಂಬಗಳ ನಡುವಣ ಜಾಗವನ್ನೂ ಕಟ್ಟಿದವನು ಫ್ಲ್ಯಾಟಿನಿಂದ ಬೇರ್ಪಡಿಸಿ ಮಾರುವಂತಿಲ್ಲವೆಂದು ಮುಂಬಯಿಯ ಒಂದು ವ್ಯಾಜ್ಯದಲ್ಲಿ, ಅಲ್ಲಿಯ ಕಾಯಿದೆಯ ಮೇಲೆ, ಸುಪ್ರೀಂ ಕೋರ್ಟು ೨೦೧೦ನೆಯ ಇಸವಿಯಲ್ಲಿ ತೀರ್ಪುಕೊಟ್ಟಿದೆ. ನಿಮ್ಮ ಮಾರಾಟಗಾರರ ಕ್ರಯಪತ್ರವನ್ನು ತೆರೆದು ಆ ಜಾಗದ ಉಲ್ಲೇಖವಿದೆಯೇ ನೋಡಿರಿ. ಇದ್ದರೆ ಅದು ಫ್ಲ್ಯಾಟಿನೊಡನೆಯೇ ನಿಮಗೆ ಬರತಕ್ಕದ್ದು, ಹೊಸ ಪತ್ರದಲ್ಲಿ ಅದೇ ಅಂಕಿಯೊಡನೆ ಬರೆಯಿಸಿಕೊಳ್ಳಿರಿ. ಇಲ್ಲದಿದ್ದರೆ ಮೂರು ಲಕ್ಷವನ್ನು ಕೈಯಲ್ಲಿಯೇ ಇಟ್ಟುಕೊಂಡು, ಆ ಜಾಗ ಯಾರ ಉಪಯೋಗಕ್ಕೆಂದು ನಿವಾಸಿಗಳ ಸಂಘದ ಕಾರ್ಯದರ್ಶಿಯನ್ನು ವಿಚಾರಿಸಿರಿ.